ಹತ್ತೊಂಬತ್ತನೇ ಬೋರ್ಡು

ಅಮ್ಮ ಬೇಡ ಎಂದಳು. ಬೇಡ ಎನ್ನುತ್ತಲೇ ಲೋಟವನ್ನು ಚಹಾ ಸುರಿಯಲು ಅನುಕೂಲವಾಗುವಷ್ಟು ಮುಂದಕ್ಕೆ ಸರಿಸಿ, ತನಗೂ ಅದಕ್ಕೂ ಸಂಬಂಧವಿಲ್ಲದವಳಂತೆ ಕಿಟಕಿಯಾಚೆ ನೋಡತೊಡಗಿದಳು. ಈ ಮನೆಯಲ್ಲಿ ಬೇಡ ಎಂದರೆ ಇನ್ನರ್ಧ ಲೋಟ, ಬೇಡವೇ ಬೇಡ ಎಂದರೆ ಲೋಟದ ತುಂಬ. ಸುಮ್ಮನಿದ್ದರೆ ಮಾತ್ರ ನಿಜವಾಗಿ ಸಾಕು. ಅಪ್ಪ ಇದ್ದಷ್ಟು ದಿನ ಇದನ್ನು ಬಾಯಿಪಾಠ ಮಾಡಿಕೊಂಡಿದ್ದ. ಮಕ್ಕಳಿಗೆ ಪಾಠವೂ ಬೇಕಾಗಿರಲಿಲ್ಲ. ತಮ್ಮನ ಹೆಂಡತಿ ಹೊಸದಾಗಿ ಬಂದಾಗ ಮಾತ್ರ, ಪಾಪ, ಕೇಳಿದ್ದನ್ನು ಕೇಳಿದ ಹಾಗೇ ನಂಬಿ ಪಾತ್ರೆ ಮುಚ್ಚಿಟ್ಟಳು. ಅಮ್ಮ ಎರಡು ದಿನ ಅರೆಹೊಟ್ಟೆಯಲ್ಲಿದ್ದು ಮೂರನೆಯ ದಿನ "ನಿನ್ನ ತಮ್ಮನ ಹೆಂಡತಿ ಕೈ ಬಲು ಬಿಗಿ ಕಣೇ" ಎಂದು ಮಗಳಿಗೆ ಫೋನು ಮಾಡಿದ್ದಳು. ಇಡೀ ಬಳಗದಲ್ಲಿ ಒಬ್ಬರಿಗೂ ಆ ಹುಡುಗಿಯದು ತಪ್ಪಲ್ಲ ಎಂದು ತೋರಲಿಲ್ಲ. ಫೋನು ಎತ್ತಿದ ಮಗಳಿಗೂ ತೋರಿರಲಿಲ್ಲ.

ಇವತ್ತು ಮಗಳು ಸುರಿಯಲಿಲ್ಲ. ಪಾತ್ರೆ ಎತ್ತಿಕೊಂಡು ಹೋಗಿ ಒಲೆಯ ಪಕ್ಕ ಇಟ್ಟು ಬಂದಳು. ಅಮ್ಮ ಲೋಟವನ್ನೂ ಅವಳನ್ನೂ ಸರದಿಯ ಮೇಲೆ ನೋಡಿದಳು.

"ಏನೇ, ತಗೊಂಡೇ ಹೋಗ್ಬಿಟ್ಯಾ?"

"ಬೇಡ ಅಂದ್ಯಲ್ಲಮ್ಮ."

"ಅಂದೆ ಕಣೇ, ಅಂದೆ. ಇಷ್ಟು ವರ್ಷಕ್ಕೆ ಈ ಮನೇಲಿ ಒಬ್ಬರಿಗೆ ಕಿವಿ ಬಂತಲ್ಲ, ಸದ್ಯ."

"ಬೇಕಾದ್ರೆ ಬೇಕು ಅನ್ನು, ಕೊಡ್ತೀನಿ."

"ಕೇಳಿ ಕುಡಿಯೋ ಗತಿ ನನಗಿನ್ನೂ ಬಂದಿಲ್ಲಮ್ಮಾ."

ಚಪ್ಪಲಿ ಮೆಟ್ಟಿ ಬಾಗಿಲೆಳೆದುಕೊಂಡು ಅವಳು ಮೆಟ್ಟಿಲ ತಿರುವಿನಲ್ಲಿ ಒಂದು ಗಳಿಗೆ ನಿಂತಳು. ಒಳಗಿನಿಂದ ಪಾತ್ರೆಯ ಮುಚ್ಚಳ ತೆಗೆದ ಸದ್ದು ಕೇಳಿಸಿತು. ಗೆದ್ದ ಹಾಗೆ ಅನಿಸಿತು. ಎಪ್ಪತ್ತಾರರ ಮುದುಕಿಯ ಮೇಲೆ ಅರ್ಧ ಲೋಟ ಚಹಾದ ಯುದ್ಧದಲ್ಲಿ ಗೆದ್ದ ನಾಚಿಕೆಯೂ ಬೆನ್ನ ಹಿಂದೆಯೇ ಬಂತು. ಆದರೆ ಇವತ್ತು ಬಗ್ಗುವುದಿಲ್ಲ ಎಂದು ನಿನ್ನೆ ಸಂಜೆಯೇ ತೀರ್ಮಾನವಾಗಿತ್ತು. ಆ ತೀರ್ಮಾನಕ್ಕೆ ಮೊದಲು ಸಿಕ್ಕಿದ್ದು ಅಮ್ಮ, ಅಷ್ಟೆ. ಕೈ ಪಳಗಲೆಂದು ಹೊಲಿಗೆಯವರು ಹಳೇ ಬಟ್ಟೆಯ ಮೇಲೆ ಕತ್ತರಿ ಆಡಿಸುವುದಿಲ್ಲವೆ.

ಅವಳ ಕೆಲಸ ಡ್ರೈವರ್ ಬರೆಯುವುದು. ಕಂಪ್ಯೂಟರಿನ ಮಿದುಳಿಗೂ ಅದರ ಕೈಕಾಲಿಗೂ ನಡುವೆ ಮಾತು ಆಡಿಸುವ ಸಣ್ಣ ಪ್ರೋಗ್ರಾಮಿಗೆ ಆ ಹೆಸರು. "ನನ್ನ ಮಗಳು ಡ್ರೈವರ್ ಕೆಲಸ ಮಾಡ್ತಾಳೆ" ಎಂದು ಅಮ್ಮ ಪಕ್ಕದ ಮನೆಯಲ್ಲಿ ಹೇಳಿ, ಅವರು ಯಾವ ಮಾರ್ಗದ ಬಸ್ಸು ಎಂದು ಕೇಳಿ, ಅಮ್ಮ ತಿದ್ದುವ ಗೋಜಿಗೆ ಹೋಗದೆ ಇದ್ದುದರಿಂದ ಬೀದಿಯಲ್ಲಿ ಅವಳಿಗೆ ಇಂದಿಗೂ ಒಂದು ಬಗೆಯ ಗೌರವವಿದೆ. ಆಫೀಸಿನಲ್ಲಿ ಅವಳನ್ನು ಕಾರ್ಡಕ್ಕ ಎನ್ನುತ್ತಾರೆ. ಅಲ್ಲಿ ತಯಾರಾಗುವುದು ಸೊಂಟಕ್ಕೆ ಕಟ್ಟಿಕೊಳ್ಳುವ ಒಂದು ಪೆಟ್ಟಿಗೆ. ರೋಗಿಯ ಎದೆಬಡಿತವನ್ನು ಇಡೀ ಒಂದು ದಿನ ಬರೆದಿಟ್ಟುಕೊಳ್ಳುತ್ತದೆ. ಬರೆಯುವುದು ಹೆಬ್ಬೆರಳ ಉಗುರಿನಷ್ಟು ದೊಡ್ಡ ಮೆಮೊರಿ ಕಾರ್ಡಿನ ಮೇಲೆ. ಕಾರ್ಡು ಗೂಡಿನೊಳಗೆ ಹೋದಾಗ ಲೋಹದ ಒಂದು ನಾಲಗೆ ಅದುಮಿಕೊಂಡು, ಒಂದು ತಂತಿಯ ವೋಲ್ಟೇಜು ಕೆಳಗಿಳಿಯುತ್ತದೆ. ತಂತಿ ಕೆಳಗಾದರೆ ಕಾರ್ಡು ಇದೆ, ಮೇಲಿದ್ದರೆ ಇಲ್ಲ. ಪೆಟ್ಟಿಗೆಯೊಳಗಿನ ಬೋರ್ಡನ್ನು, ಅಂದರೆ ಚಿಪ್ಪು, ತಂತಿಗಳೆಲ್ಲ ಕೂತ ಹಸಿರು ಹಲಗೆಯನ್ನು, ರೂಪಿಸಿದವರು ಅದರ ಜೊತೆ ಕೊಡುವ ಪಟ್ಟಿಯಲ್ಲಿ ಹಾಗೆಂದು ಒಂದು ಸಾಲು ಬರೆಯುತ್ತಾರೆ: ಕೆಳಗಾದರೆ ಇದೆ. ಡ್ರೈವರಿಗೂ ಕೆಳಗೆ ಕೆಲಸ ಮಾಡುವ ಇನ್ನೊಂದು ಪ್ರೋಗ್ರಾಮು, ತಳದ ಪದರ, ಆ ಪಟ್ಟಿ ಓದಿ, ತಂತಿ ನೋಡಿ, ಡ್ರೈವರಿಗೆ ಅರ್ಥ ಬಿಡಿಸಿಯೇ ಹೇಳುತ್ತದೆ. ಡ್ರೈವರು ಕೇಳಿಸಿಕೊಂಡರೆ ಸಾಕು.

ಅವಳ ಡ್ರೈವರು ಹನ್ನೊಂದು ವರ್ಷಗಳಿಂದ ಕೇಳಿಸಿಕೊಂಡದ್ದನ್ನು ತಿರುಗಿಸುತ್ತಿತ್ತು. ಇದೆ ಎಂದರೆ ಇಲ್ಲ ಎಂದುಕೊಳ್ಳುತ್ತಿತ್ತು, ಇಲ್ಲ ಎಂದರೆ ಇದೆ. ಅದಕ್ಕೆ ಕಾರಣ ಒಂದೇ ಒಂದು ಚಿಹ್ನೆ. ಕಥೆಪುಸ್ತಕಗಳಲ್ಲಿ ಬೆರಗಿಗೆ ಹಾಕುವ, ಇವರ ಕಸುಬಿನಲ್ಲಿ 'ಅಲ್ಲ' ಎಂದು ಓದುವ ಆ ಕಡ್ಡಿ ಮತ್ತು ಚುಕ್ಕೆ. ಆದ್ದರಿಂದ ಪಟ್ಟಿಯಲ್ಲಿ ನಿಜ ಬರೆದರೆ ಪೆಟ್ಟಿಗೆಗೆ ಕಾರ್ಡು ಕಾಣುತ್ತಿರಲಿಲ್ಲ. ಸುಳ್ಳು ಬರೆದರೆ ಎಲ್ಲ ಸುಸೂತ್ರ. ಒಂದಲ್ಲ ಎರಡಲ್ಲ, ಒಂದರ ಹಿಂದೊಂದು ಬಂದ ಹದಿನೆಂಟು ಮಾದರಿ ಬೋರ್ಡುಗಳ ಪಟ್ಟಿಯಲ್ಲಿ 'ಮೇಲಾದರೆ ಇದೆ' ಎಂದು ಸಾಲಾಗಿ ಸುಳ್ಳು ಬರೆದಿತ್ತು, ಹದಿನೆಂಟೂ ಸುಸೂತ್ರವಾಗಿದ್ದವು. ಹೊಸಬರಿಗೆ ಕೊಡುವ ಕೈಪಿಡಿಯಲ್ಲೇ 'ಕಾರ್ಡಿನ ಸಾಲನ್ನು ಉಲ್ಟಾ ಬರೆಯತಕ್ಕದ್ದು' ಎಂದಿತ್ತು. ಯಾಕೆ ಎಂದು ಕೇಳಿದವರಿಗೆ ಅವಳು "ಅದು ಈ ಚಿಪ್ಪಿನ ಸ್ವಭಾವ" ಎನ್ನುತ್ತಿದ್ದಳು. ಪಕ್ಕದ ಮೇಜಿನ ಪರೀಕ್ಷೆಯವಳು, ಎಲ್ಲರ ಕೆಲಸವನ್ನೂ ಮುರಿದು ನೋಡಿ ಸಂಬಳ ತಗೊಳ್ಳುವವಳು, "ಉಲ್ಟಾ ಬರೀರಿ, ಕೈ ಮುಗೀರಿ, ಮುಂದೆ ಹೋಗ್ರಿ" ಎಂದು ಸೇರಿಸುತ್ತಿದ್ದಳು.

ನಿನ್ನೆ ಬಂದದ್ದು ಹತ್ತೊಂಬತ್ತನೆಯ ಬೋರ್ಡು. ರೂಪಿಸಿದ್ದು ಮೇಷ್ಟ್ರು. ಅವರು ಯಾವ ಶಾಲೆಯಲ್ಲೂ ಕಲಿಸಿದವರಲ್ಲ. ಬೇರೆಯವರ ನಕ್ಷೆಗಳಲ್ಲಿ ಕೆಂಪು ಪೆನ್ನಿನಿಂದ ಗೆರೆ ಎಳೆದೆಳೆದು ಆ ಹೆಸರು ಸಂಪಾದಿಸಿದವರು. ಮೊದಲ ಬೋರ್ಡೂ ಅವರದೇ, ನಡುವಿನವುಗಳಲ್ಲಿ ಮುಕ್ಕಾಲು ಪಾಲೂ ಅವರವೇ. ನಿವೃತ್ತಿಯಾದ ಮೇಲೂ ಕರಾರಿನ ಮೇಲೆ ಬರುತ್ತಿದ್ದರು. ಬೋರ್ಡಿಗೆ ವಿದ್ಯುತ್ತು ಕೊಟ್ಟಾಗ ಎಲ್ಲ ದೀಪಗಳೂ ಹತ್ತಿದವು, ಕಾರ್ಡಿನದೊಂದು ಬಿಟ್ಟು. ಪರೀಕ್ಷೆಯವಳು ಕಾರ್ಡು ತೆಗೆದಳು, ದೀಪ ಹತ್ತಿತು. ಲ್ಯಾಬಿನಲ್ಲಿದ್ದವರೆಲ್ಲ ನಕ್ಕರು. ಪಟ್ಟಿ ತೆಗೆದು ನೋಡಿದರೆ, ಕಾರ್ಡಿನ ಸಾಲಿನಲ್ಲಿ 'ಕೆಳಗಾದರೆ ಇದೆ' ಎಂದಿತ್ತು. ಯಾರೋ "ಮೇಷ್ಟ್ರು ಕೈಪಿಡಿ ಮರೆತುಬಿಟ್ರಾ?" ಎಂದರು. ಪರೀಕ್ಷೆಯವಳು ದನಿ ತಗ್ಗಿಸಿ, ಅಂದರೆ ನಾಲ್ಕು ಮೇಜಿಗೆ ಕೇಳುವಷ್ಟು ತಗ್ಗಿಸಿ, "ಪಾಪ, ವಯಸ್ಸು ಯಾರನ್ನ ಬಿಟ್ಟಿದೆ" ಎಂದಳು. ಮೇಷ್ಟ್ರು ಮೂಲೆಯಲ್ಲಿ ಕೂತು ಕನ್ನಡಕ ಒರೆಸಿಕೊಳ್ಳುತ್ತಿದ್ದರು. ಒರೆಸಿ ಹಾಕಿಕೊಂಡವರು ಬೋರ್ಡನ್ನು ನೋಡಲಿಲ್ಲ, ನಗುವವರನ್ನೂ ನೋಡಲಿಲ್ಲ. ಅವಳನ್ನು ನೋಡಿದರು. ಮರೆತವರ ನೋಟ ಹಾಗಿರುವುದಿಲ್ಲ.

ಬಸ್ಸಿನ ಕಂಬಿ ಹಿಡಿದು ನಿಂತವಳಿಗೆ ಆ ನೋಟ ಹನ್ನೊಂದು ವರ್ಷ ಹಳೆಯದೆಂದು ಗೊತ್ತಿತ್ತು. ಗಾಜಿನ ಗೋಡೆಯ ಕೋಣೆ, ಉದ್ದನೆಯ ಮೇಜು, ತಣ್ಣಗಾದ ಕಾಗದದ ಲೋಟಗಳು. ಅವಳಿನ್ನೂ ಖಾಯಂ ಆಗಿರಲಿಲ್ಲ, ಎರಡು ವಾರದಲ್ಲಿ ಆ ಕಾಗದಕ್ಕೆ ರುಜು ಬೀಳಬೇಕಿತ್ತು. ಮೊದಲ ಬೋರ್ಡಿನಲ್ಲಿ ಕಾರ್ಡು ಕಾಣುತ್ತಿರಲಿಲ್ಲ. ಆಗಿನ ಸಾಹೇಬರು ಯಾರದು ತಪ್ಪು ಎಂದು ಕೇಳಿದ್ದು ಯಾರನ್ನೂ ಉದ್ದೇಶಿಸಿ ಅಲ್ಲ, ಮೇಜನ್ನು. ಮೇಜಿನ ಪರವಾಗಿ ಅವಳು ಉತ್ತರ ಕೊಟ್ಟಳು: "ಬೋರ್ಡಿನ ಪಟ್ಟಿಯಲ್ಲಿ ತಪ್ಪಿದೆ ಸರ್." ಅಳೆದು ನೋಡಿರಲಿಲ್ಲ, ತನ್ನ ಸಾಲುಗಳನ್ನು ಮತ್ತೊಮ್ಮೆ ಓದಿರಲಿಲ್ಲ. ನಾಲಗೆ ಒಂದು ಹೆಜ್ಜೆ ಮುಂದೆ ಹೋಯಿತು, ಅಷ್ಟೆ. ಎದುರಿಗೆ ಕೂತ ಮೇಷ್ಟ್ರ ಕೈಯಲ್ಲಿ ವೋಲ್ಟೇಜು ಅಳೆಯುವ ಅವರ ಮುಳ್ಳಿನ ಮೀಟರಿತ್ತು. ಅವರು ಅದನ್ನು ಗೇಣಿನಷ್ಟು ಮೇಲೆತ್ತಿದರು. ಎಲ್ಲರಿಗೂ ತೋರಿಸುತ್ತಾರೆ ಎಂದುಕೊಂಡಳು. ಅವರು ಅವಳ ಮುಖ ನೋಡಿ, ಮೀಟರನ್ನು ಮೆಲ್ಲಗೆ ಮೇಜಿನ ಮೇಲಿಟ್ಟು, "ಆಯ್ತಮ್ಮಾ, ನಿನ್ನ ಕೋಡಿಗೆ ಹಾಗೇ ಬೇಕು ಅಂದ್ರೆ ಹಾಗೇ ಬರೀತೀನಿ" ಎಂದರು. ಬರೆದರು. ಕಾರ್ಡು ಕಂಡಿತು. ಎಲ್ಲರೂ ಚಪ್ಪಾಳೆ ತಟ್ಟಿದರು, ಅವಳಿಗೆ.

ಮೂರು ವಾರದ ನಂತರ, ರುಜು ಬಿದ್ದ ಮೇಲೆ, ಸ್ನಾನ ಮಾಡಿ ತಲೆ ಒರೆಸಿಕೊಳ್ಳುವಾಗ ಇದ್ದಕ್ಕಿದ್ದಂತೆ ಆ ಕಡ್ಡಿ ಮತ್ತು ಚುಕ್ಕೆ ಕಣ್ಣಿಗೆ ಕಟ್ಟಿತು. ತಳದ ಪದರ ಒಮ್ಮೆ ಬಿಡಿಸಿ ಹೇಳುತ್ತದೆ, ತಾನು ಮತ್ತೊಮ್ಮೆ ತಿರುಗಿಸಿದ್ದೇನೆ. ಟವೆಲ್ಲು ತಲೆಯ ಮೇಲೆ ಹಾಗೇ ಇತ್ತು. ಹೇಳಬೇಕು ಎಂದುಕೊಂಡೇ ಆಫೀಸಿಗೆ ಹೋದಳು. ಎರಡನೆಯ ಬೋರ್ಡು ಆಗಲೇ ಬಂದಿತ್ತು, ಅದರಲ್ಲೂ ಮೇಷ್ಟ್ರು ಉಲ್ಟಾ ಬರೆದು ಕೊಟ್ಟಿದ್ದರು. ನಡೆಯುತ್ತಿರುವುದನ್ನು ಯಾಕೆ ಕೆದಕಬೇಕು? ಮೂರನೆಯದು ಬಂತು. ಒಂದು ತಪ್ಪನ್ನು ಹೇಳಬಹುದು. ಮೂರು ಬೋರ್ಡಿನ ಮೇಲೆ ಕೂತ ತಪ್ಪನ್ನು ಹೇಳುವುದು ಹೇಗೆ? ಐದನೆಯದಕ್ಕೆ ಅದು ಪದ್ಧತಿಯಾಯಿತು, ಎಂಟನೆಯದಕ್ಕೆ ಕೈಪಿಡಿ. ಕೈಪಿಡಿಯ ಆ ಸಾಲನ್ನು ಬರೆದವಳೂ ಅವಳೇ. 'ತಕ್ಕದ್ದು' ಎಂಬ ಪದ ಆ ಬೆಳಿಗ್ಗೆ ಎಲ್ಲಿಂದ ಬಂತೋ. ತಪ್ಪಿಗೆ ಕೋಟು ತೊಡಿಸಿದರೆ ಎಲ್ಲರೂ ಎದ್ದು ನಿಲ್ಲುತ್ತಾರೆ.

ಆಫೀಸಿನಲ್ಲಿ ಅವಳ ಮೇಜಿನ ಬಳಿ ಮ್ಯಾನೇಜರು ಕಾಯುತ್ತಿದ್ದ. ಅವಳಿಗಿಂತ ಒಂಬತ್ತು ವರ್ಷ ಚಿಕ್ಕವನು; ಮಾತೆತ್ತಿದರೆ ಗಡುವು ಎನ್ನುವುದರಿಂದ ಅವನಿಲ್ಲದಾಗ ಎಲ್ಲರಿಗೂ ಗಡುವಣ್ಣ.

"ಮೇಡಂ, ಐದು ಗಂಟೆಗೆ ಕಾರ್ಖಾನೆಗೆ ಕಳಿಸ್ಬೇಕು. ಒಂದು ಪದ ತಾನೇ? ಕೆಳಗೆ ಅನ್ನೋ ಕಡೆ ಮೇಲೆ ಅಂತ ಹಾಕಿ, ಮುಗೀತು."

"ಬೋರ್ಡಲ್ಲಿ ತಂತಿ ಕೆಳಗೇ ಇಳಿಯೋದು."

"ಎಲ್ಲ ಬೋರ್ಡಲ್ಲೂ ಕೆಳಗೇ ಇಳಿಯೋದು ಮೇಡಂ, ಎಲ್ಲದರಲ್ಲೂ ಮೇಲೆ ಅಂತಾನೇ ಬರೆಯೋದು. ನಿಮ್ಮ ಕೈಪಿಡಿ, ನೀವೇ ನನಗೆ ಕಲಿಸಿದ್ದು." ಅವನು ನಕ್ಕ. ಕೆಟ್ಟವನಲ್ಲ; ಕಲಿತದ್ದನ್ನು ನಂಬಿದವನು. "ಆಮೇಲೆ ಆ ದೋಷದ ವರದಿಗೂ ಒಪ್ಪಿಗೆ ಕೊಟ್ಬಿಡಿ, ನಿಮ್ಮ ಹೆಸರಲ್ಲೇ ನಿಂತಿದೆ."

ತೆರೆಯ ಮೇಲೆ ವರದಿ ತೆರೆದಿತ್ತು. ಕಾರಣ ಎಂಬ ಖಾನೆಯಲ್ಲಿ ಅವನು ಬರೆದಿದ್ದ: ಬೋರ್ಡಿನ ಪಟ್ಟಿಯಲ್ಲಿ ತಪ್ಪಿದೆ. ಅವೇ ಪದಗಳು, ಅದೇ ಕ್ರಮದಲ್ಲಿ. ಹೊಸ ತಪ್ಪಿಗೂ ಹಳೆಯ ಅಂಗಿ ಎಷ್ಟು ಸರಿಯಾಗಿ ಕೂರುತ್ತದೆ ಎಂದು ಅವಳು ಒಂದು ಕ್ಷಣ ಮೆಚ್ಚಿಯೂ ಬಿಟ್ಟಳು. ಕೆಳಗೆ ಇನ್ನೊಂದು ಸಾಲಿತ್ತು: ರೂಪಿಸಿದವರ ಗಮನ ತಪ್ಪುತ್ತಿದೆ, ಕರಾರು ಮುಂದುವರಿಸುವುದು ಬೇಡ.

"ಇದು ಯಾಕೆ?"

"ಮೇಷ್ಟ್ರ ಮೇಲೆ ನನಗೂ ಗೌರವ ಇದೆ ಮೇಡಂ. ಆದ್ರೆ ಎದೆಬಡಿತದ ವಿಷಯ. ಇವತ್ತು ಒಂದು ಸಾಲು ಮರೀತಾರೆ, ನಾಳೆ ಇನ್ನೊಂದು. ತಿಂಗಳ ಕೊನೆಗೆ ಒಂದು ಹಾರ ಹಾಕಿ ಕಳಿಸೋಣ."

"ಅವರು ಮರೆತಿಲ್ಲ."

"ಮತ್ತೆ?"

"ಮರೆತಿಲ್ಲ," ಎಂದಳು ಮತ್ತೆ. "ಮಧ್ಯಾಹ್ನದ ಹೊತ್ತಿಗೆ ಸರಿ ಮಾಡಿ ಕೊಡ್ತೀನಿ. ವರದಿ ಹಾಗೇ ಇರ್ಲಿ."

ಅವನು ಹೋದ ಮೇಲೆ ತನ್ನ ಡ್ರೈವರನ್ನು ತೆರೆದಳು. ಯಾವ ಸಾಲನ್ನು ಯಾರು ಯಾವಾಗ ಬರೆದರು ಎಂದು ತೋರಿಸುವ ಒಂದು ಆಜ್ಞೆಯಿದೆ. ಅದನ್ನು ಮಾಡಿದವರು ಮುಚ್ಚುಮರೆಯಿಲ್ಲದೆ ಅದಕ್ಕೆ 'ಬ್ಲೇಮ್' ಎಂದೇ ಹೆಸರಿಟ್ಟಿದ್ದಾರೆ. ಒತ್ತಿದಳು. ಹನ್ನೊಂದು ವರ್ಷದಲ್ಲಿ ಸುತ್ತಲಿನ ಸಾಲುಗಳೆಲ್ಲ ಬೇರೆ ಬೇರೆ ಹೆಸರಿಗೆ ಹೋಗಿದ್ದವು. ಆ ಒಂದು ಸಾಲು ಮಾತ್ರ ಅವಳ ಹೆಸರನ್ನು ಹೊತ್ತು, ಬಾಡಿಗೆದಾರರ ನಡುವೆ ಉಳಿದ ಹಳೇ ಮಾಲೀಕನ ಹಾಗೆ ಕೂತಿತ್ತು. ಇದನ್ನು ಯಾರು ಬೇಕಾದರೂ ಯಾವಾಗ ಬೇಕಾದರೂ ನೋಡಬಹುದಿತ್ತು. ನೋಡಿರಲಿಲ್ಲ. ಕೈಪಿಡಿ ಇರುವಾಗ ಬೇರು ನೋಡುವವರು ಯಾರು. ಚಿಹ್ನೆಯ ಮುಂದೆ ಬೆರಳಿಟ್ಟು ಅಳಿಸಿದಳು. ಕಣ್ಣು ಮಿಟುಕಿಸುವಷ್ಟರಲ್ಲಿ ಆಗಿಹೋಯಿತು. ಹಲ್ಲು ಕೀಳುವವರ ಬಳಿ ಕೂತು ಹಿಡಿಕೆ ಬಿಗಿಹಿಡಿದಿರುವಾಗ "ಆಯ್ತು, ಏಳಿ" ಎಂದರೆ ಆಗುವ ಪೆಚ್ಚಿನಂತೆ ಏನೋ ಆಯಿತು. ಆಮೇಲೆ ಹದಿನೆಂಟು ಪಟ್ಟಿಗಳನ್ನು ಒಂದೊಂದಾಗಿ ತೆರೆದು 'ಮೇಲೆ' ಇದ್ದಲ್ಲಿ 'ಕೆಳಗೆ' ಬರೆದಳು. ಒಂದೇ ಏಟಿಗೆ ಎಲ್ಲವನ್ನೂ ಬದಲಿಸುವ ಉಪಾಯ ಗೊತ್ತಿತ್ತು. ಮಾಡಲಿಲ್ಲ. ಡ್ರೈವರೂ ಪಟ್ಟಿಗಳೂ ಒಂದೇ ಕಟ್ಟಿನಲ್ಲಿ ಹೋಗಬೇಕು, ಒಂದು ಹೋಗಿ ಇನ್ನೊಂದು ಉಳಿದರೆ ಊರ ತುಂಬ ಪೆಟ್ಟಿಗೆಗಳು ಕುರುಡಾಗುತ್ತವೆ. ಹತ್ತೊಂಬತ್ತನೆಯ ಪಟ್ಟಿಯನ್ನು ಮುಟ್ಟಲಿಲ್ಲ. ಅದರಲ್ಲಿ ತಿದ್ದುವುದೇನೂ ಇರಲಿಲ್ಲ.

ಬದಲಾವಣೆಯ ಜೊತೆ ಟಿಪ್ಪಣಿ ಬರೆಯಬೇಕು. ಬರೆದಳು: ಡ್ರೈವರು ಕಾರ್ಡಿನ ಸೂಚನೆಯನ್ನು ಎರಡನೆಯ ಬಾರಿ ತಿರುಗಿಸುತ್ತಿತ್ತು, ಅದನ್ನು ತೆಗೆಯಲಾಗಿದೆ. ತೆಗೆಯಲಾಗಿದೆ. ಈ ಭಾಷೆಯಲ್ಲಿ ಎಷ್ಟೊಂದು ಕೆಲಸಗಳು ಯಾರೂ ಮಾಡದೆಯೇ ಆಗಿಬಿಡುತ್ತವೆ. ಅಳಿಸಿ ಮತ್ತೆ ಬರೆದಳು: ತೆಗೆದಿದ್ದೇನೆ. ಈ ತಪ್ಪು ನನ್ನದು. ಮೊದಲ ಬೋರ್ಡಿನ ಪಟ್ಟಿ ಅಂದೂ ಸರಿಯಿತ್ತು, ಹತ್ತೊಂಬತ್ತನೆಯದು ಇಂದೂ ಸರಿಯಿದೆ. ನಡುವಿನವುಗಳಲ್ಲಿ ನಾನು ಸುಳ್ಳು ಬರೆಸಿದೆ.

ನಿಯಮದ ಪ್ರಕಾರ ಇನ್ನೊಬ್ಬರು ಓದಿ ಒಪ್ಪಬೇಕು. ಪರೀಕ್ಷೆಯವಳು ಓದುತ್ತ ಓದುತ್ತ ಕುರ್ಚಿಯನ್ನು ಮುಂದಕ್ಕೆಳೆದುಕೊಂಡಳು.

"ಅಕ್ಕಾ, ಚಿಪ್ಪಿನ ಸ್ವಭಾವ?"

"ಚಿಪ್ಪಿಗೆ ಸ್ವಭಾವ ಇಲ್ಲ."

"ಏಳು ವರ್ಷದಿಂದ ಆ ಚಿಪ್ಪಿಗೆ ನಾನು ಎಷ್ಟು ಬೈದಿದ್ದೀನಿ ಗೊತ್ತಾ? ಅದರ ವಂಶ ಎಲ್ಲ ಜಾಲಾಡಿದ್ದೀನಿ." ನಗಲಿಲ್ಲ. "ನಿನ್ನೆ ನಾನು ಮೇಷ್ಟ್ರ ಬಗ್ಗೆ ಒಂದು ಮಾತು ಅಂದೆ."

"ಕೇಳಿಸ್ತು. ಎಲ್ಲರಿಗೂ ಕೇಳಿಸ್ತು."

"ನಿಮ್ಮನ್ನ ನೋಡಿದ್ರೆ ನನಗೆ ಮೈ ಉರೀತಾ ಇದೆ ಅಕ್ಕಾ," ಎಂದು ಅವಳು ಒಪ್ಪಿಗೆಯ ಗುಂಡಿಯನ್ನು ಅಗತ್ಯಕ್ಕಿಂತ ಜೋರಾಗಿ ಒತ್ತಿದಳು.

ಮೂರು ಗಂಟೆಗೆ ಗಡುವಣ್ಣ ಮತ್ತೆ ಬಂದ. ಈ ಸಲ ನಿಂತಿರಲಿಲ್ಲ, ಕುರ್ಚಿ ತಂದಿದ್ದ. ಕೆಲಸ ಅವನಿಗೆ ಒಪ್ಪಿಗೆಯಾಗಿತ್ತು, ಅದೇ ಸೋಜಿಗ. ಹತ್ತೊಂಬತ್ತನೆಯದರಲ್ಲಿ ದೀಪ ಸರಿಯಾಗಿ ಹತ್ತಿತ್ತು, ಅವನು ಮೆಚ್ಚಿಯೂ ಇದ್ದ. ಒಪ್ಪಿಗೆಯಾಗದ್ದು ಟಿಪ್ಪಣಿ.

"ಆ ಕೊನೇ ಸಾಲುಗಳು ಬೇಡ ಮೇಡಂ. 'ಸುಧಾರಣೆ' ಅಂತ ಹಾಕಿ. ಈ ಟಿಪ್ಪಣಿ ಆಸ್ಪತ್ರೆಯವರೂ ಓದ್ತಾರೆ. ಹನ್ನೊಂದು ವರ್ಷ ಏನ್ ಮಾಡ್ತಿದ್ರಿ ಅಂತ ಕೇಳಿದ್ರೆ?"

"ಏನ್ ಮಾಡ್ತಿದ್ವಿ ಅಂತ ಹೇಳೋಣ."

"ನಿಮ್ಮ ಹೆಸರೇ ಕೆಡುತ್ತೆ."

"ನಂದೇ ತಾನೇ? ಕೆಡ್ಲಿ. ಇಷ್ಟು ದಿನ ಇನ್ನೊಬ್ಬರದು ಕೆಟ್ಟಿತ್ತು, ಆವಾಗ ಯಾರೂ ಕುರ್ಚಿ ತಂದು ಕೂರಲಿಲ್ಲ."

ಅವನ ಕಿವಿ ಕೆಂಪಾಯಿತು. ಅವಳಿಗೆ ತನ್ನ ದನಿ ಎತ್ತರದಲ್ಲಿದೆ ಎಂದೂ, ಸುತ್ತ ಕೀಲಿಮಣೆಗಳ ಸದ್ದು ನಿಂತಿದೆ ಎಂದೂ ಗೊತ್ತಾಯಿತು. ನಲವತ್ತೇಳು ವರ್ಷದ ಹೆಂಗಸು ಎಲ್ಲರೆದುರು ತಪ್ಪೊಪ್ಪಿಕೊಳ್ಳಲು ಹೊರಟರೆ ಅದರಲ್ಲೂ ಒಂದು ಜಂಬ ಇಣುಕುತ್ತದಲ್ಲ ಎಂದು ಒಳಗಿನಿಂದ ಯಾವುದೋ ಸಣ್ಣ ದನಿ ಚುಚ್ಚಿತು. ಇರಲಿ, ಎಂದುಕೊಂಡಳು, ಶುದ್ಧವಾದ ಕಾರಣಕ್ಕೆ ಕಾಯುತ್ತ ಹನ್ನೊಂದು ವರ್ಷ ಹೋಗಿದೆ.

"ಇದು ಮೇಲಿನವರವರೆಗೂ ಹೋಗುತ್ತೆ ಮೇಡಂ."

"ಹೋಗ್ಲಿ. ಲಿಫ್ಟ್ ಸರಿ ಇದೆ."

"ಮತ್ತೆ ವರದಿ?"

ಅವಳು ಅವನೆದುರೇ ವರದಿಯನ್ನು ತೆರೆದು ಕಾರಣದ ಖಾನೆಯ ಎರಡೂ ಸಾಲುಗಳನ್ನು ಅಳಿಸಿ 'ಡ್ರೈವರ್' ಎಂದು ಬರೆದಳು. ಹೊಣೆ ಯಾರದು ಎಂಬಲ್ಲಿ ಮೇಷ್ಟ್ರ ಹೆಸರಿತ್ತು. ಅಲ್ಲಿ ತನ್ನದನ್ನು ಹಾಕಿದಳು. ಒಪ್ಪಿಗೆ ಒತ್ತಿದಳು. ಆ ಖಾನೆಗಳನ್ನು ಬದಲಿಸುವ ಅಧಿಕಾರ ಕಾರ್ಡಿನ ವಿಷಯದಲ್ಲಿ ಅವಳೊಬ್ಬಳಿಗೇ ಇತ್ತು, ಹನ್ನೊಂದು ವರ್ಷದಿಂದಲೂ ಇತ್ತು. ಗಡುವಣ್ಣ ಎದ್ದು ನಿಂತ. ಗಡಿಯಾರ ನೋಡಿದ.

ಲ್ಯಾಬಿನಲ್ಲಿ ಮೇಷ್ಟ್ರು ಅವಳು ಬಂದದ್ದನ್ನು ಕಂಡೂ ತಲೆ ಎತ್ತಲಿಲ್ಲ. ಎದುರಿಗೆ ಕಪಾಟಿನಿಂದ ಇಳಿಸಿದ ಹಳೆಯ ಬೋರ್ಡುಗಳು ಸಾಲಾಗಿದ್ದವು; ಪರೀಕ್ಷೆಯವಳು ಮೊದಲೇ ಸುದ್ದಿ ಮುಟ್ಟಿಸಿದ್ದಳು ಎಂದಾಯಿತು. ದಾರಿಯುದ್ದಕ್ಕೂ ಹೊಂದಿಸಿಕೊಂಡು ಬಂದ ಮಾತುಗಳೆಲ್ಲ ಬೆಸುಗೆಯ ಸೀಸದ ವಾಸನೆಗೆ ಆರಿಹೋದವು.

"ಮೇಷ್ಟ್ರೇ, ಆವತ್ತು ತಪ್ಪು ನಂದು."

"ಗೊತ್ತು."

"ಮೂರೇ ವಾರಕ್ಕೆ ನನಗೂ ಗೊತ್ತಾಗಿತ್ತು."

"ಅದೂ ಗೊತ್ತು," ಎಂದರು. "ಮೂರು ವಾರ ಆದ್ಮೇಲೆ ನೀನು ಊಟಕ್ಕೆ ನನ್ನ ಮೇಜಿಗೆ ಬರೋದು ನಿಲ್ಲಿಸ್ದೆ."

ಆಚೆ ಎಲ್ಲೋ ಫ್ಯಾನು ತಿರುಗುತ್ತಿತ್ತು. ಕಿಟಕಿಯ ಪಕ್ಕದ ಮೇಜು, ಅವರು ಡಬ್ಬಿಯ ಮುಚ್ಚಳದಲ್ಲಿ ಅವಳಿಗೆಂದು ತೆಗೆದಿಡುತ್ತಿದ್ದ ತುತ್ತು, ಒಂದು ದಿನ ತಾನು ತಟ್ಟೆ ಹಿಡಿದು ದೂರದ ಮೇಜಿಗೆ ಹೋದದ್ದು. ಇದನ್ನು ಅವಳು ಸಂಪೂರ್ಣ ಮರೆತಿದ್ದಳು. ಮರೆತದ್ದು ಅವರಲ್ಲ.

"ಮತ್ತೆ ಯಾಕೆ ಹೇಳ್ಲಿಲ್ಲ?"

"ನನ್ನ ಪಟ್ಟಿ ಏನು ಅಂತ ನಾನು ಹೇಳಿದ್ದೆ. ನಿನ್ನ ಸಾಲು ನೀನು ಹೇಳ್ಬೇಕಿತ್ತು. ಹೇಳ್ತೀಯ ಅಂತ ಒಂದೆರಡು ಬೋರ್ಡು ಕಾದೆ. ಆಮೇಲೆ ಅಭ್ಯಾಸ ಆಯ್ತು. ಸುಳ್ಳು ಬರೆಯೋದು ಕಷ್ಟ ಅಲ್ಲ ತಾಯಿ, ಕೈ ತಾನೇ ಬರೆಯುತ್ತೆ. ಇದು ನನ್ನ ಕೊನೇದು ಅಂತ ಅನಿಸ್ತು. ಇದೊಂದರಲ್ಲಿ ಬರೆಯಲ್ಲ ಅಂದ್ಕೊಂಡೆ."

"ನಗ್ತಾರೆ ಅಂತ ಗೊತ್ತಿತ್ತಲ್ಲ."

"ನಗ್ಲಿ. ನಗೋರ ಮಧ್ಯೆ ನಿನ್ನ ಮುಖ ಹೇಗಿರುತ್ತೆ ನೋಡ್ಬೇಕಿತ್ತು."

ಕ್ಷಮಿಸಿ ಎನ್ನಬೇಕು ಎಂದುಕೊಂಡಳು. ಆ ಪದ ಬಾಯಿಗೆ ಬರುವಷ್ಟರಲ್ಲಿ ಅವರು ಮೊದಲನೆಯ ಬೋರ್ಡನ್ನು ಅವಳ ಮುಂದೆ ತಳ್ಳಿದರು. ಅಂಚಿನಲ್ಲಿ ಕೆಂಪು ಪೆನ್ನಿನಲ್ಲಿ ಹನ್ನೊಂದು ವರ್ಷದ ಹಿಂದಿನ ತಾರೀಖು ಇತ್ತು.

"ನಿನ್ನ ಮಾತು ನಾನು ನಂಬಲ್ಲ. ಹೊಸದರಲ್ಲಿ ಹತ್ತಿತಂತೆ, ಸರಿ. ಇದರಲ್ಲಿ ತೋರ್ಸು. ಇದಾದ್ಮೇಲೆ ಅದು, ಅದಾದ್ಮೇಲೆ ಅದು. ಹದಿನೆಂಟೂ."

"ಐದು ಗಂಟೆಗೆ ಕಳಿಸ್ಬೇಕಂತೆ."

"ಆರಕ್ಕೆ ಹೋಗುತ್ತೆ."

ಅವಳು ಹೊಸ ಡ್ರೈವರನ್ನೂ ಪಟ್ಟಿಯನ್ನೂ ಹಳೆಯ ಬೋರ್ಡಿಗೆ ಹಾಕಿದಳು. ಬಾಗಿಲಲ್ಲಿ ನೆರಳು ಬಿತ್ತು. ಗಡುವಣ್ಣ, ಅವನ ಹಿಂದೆ ಪರೀಕ್ಷೆಯವಳು, ಅವಳ ಹಿಂದೆ ನಿನ್ನೆ ನಕ್ಕವರಲ್ಲಿ ಇಬ್ಬರು. ಯಾರೂ ಒಳಗೆ ಬರಲಿಲ್ಲ. ಮೇಷ್ಟ್ರು ಡ್ರಾದಿಂದ ಮುಳ್ಳಿನ ಮೀಟರು ತೆಗೆದು ಒಂದು ಕಡ್ಡಿಯನ್ನು ತಂತಿಗೂ ಇನ್ನೊಂದನ್ನು ಬೋರ್ಡಿನ ಸೊನ್ನೆ ವೋಲ್ಟೇಜಿನ ಬಿಂದುವಿಗೂ ತಾಗಿಸಿದರು. ಕಡ್ಡಿ ಇಟ್ಟಲ್ಲೇ ಇತ್ತು.

"ಹಾಕು."

ಅವಳು ಕಾರ್ಡನ್ನು ತಳ್ಳಿದಳು. ಟಕ್ ಎಂದಿತು. ಮುಳ್ಳು ಬಲದಿಂದ ಎಡಕ್ಕೆ ಜಾರಿ ಸೊನ್ನೆಯ ಮೇಲೆ ನಿಂತಿತು. ಹಸಿರು ದೀಪ ಹತ್ತಿತು. ಮೇಷ್ಟ್ರು ಮೀಟರನ್ನು ಎತ್ತಿದರು, ಗೇಣಿನಷ್ಟು ಮೇಲೆ, ಬಾಗಿಲಲ್ಲಿದ್ದವರಿಗೆ ಕಾಣುವ ಹಾಗೆ. ಈ ಸಲ ಕೆಳಗಿಡಲಿಲ್ಲ.

"ತಂತಿ?"

"ಕೆಳಗೆ," ಎಂದಳು.

"ಪಟ್ಟಿ?"

"ಕೆಳಗೆ."

"ಕಾರ್ಡು?"

"ಇದೆ."

"ಜೋರಾಗಿ ಹೇಳು. ಗಾಜಿನ ಕೋಣೇಲಿ ಜೋರಾಗೇ ಹೇಳಿದ್ಯಲ್ಲ."

ಅವಳು ಬಾಗಿಲ ಕಡೆ ತಿರುಗಿದಳು. ಗಡುವಣ್ಣ ಗಡಿಯಾರ ನೋಡಿಕೊಳ್ಳುತ್ತಿದ್ದವನು ಕೈ ಕೆಳಗಿಳಿಸಿದ.

"ಇದೆ," ಎಂದಳು. "ಮೇಷ್ಟ್ರು ಬರೆದ ಹಾಗೇ ಇದೆ."

"ಇದು ಒಂದು," ಎಂದು ಮೇಷ್ಟ್ರು ಕೆಂಪು ಪೆನ್ನಿನ ಮುಚ್ಚಳವನ್ನು ಹಲ್ಲಿನಿಂದ ಕಿತ್ತರು. "ಎರಡನೇದು ತಗೋ."